ಮಾತ್ರೆ ನಿಲ್ಲಿಸಿದ ಡಾಕ್ಟರು

ಬನಶಂಕರಿಯ ಆ ಪುಟ್ಟ ನರ್ಸಿಂಗ್ ಹೋಮಿನಲ್ಲಿ ನರ್ಸುಗಳಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರೂ ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದದ್ದು ‘ಯಾಕೆ ಡಾಕ್ಟ್ರು’ ಎಂದು. ಎದುರಿಗೆ ಮಾತ್ರ ಸಾರ್. ಹೋದ ತಿಂಗಳು ಅವರು ತೀರಿಕೊಂಡಾಗ ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಒಬ್ಬರು ‘ಮಾನವೀಯತೆಯ ಸಾಕಾರಮೂರ್ತಿ’ ಎಂದು ಬರೆದರು. ಇನ್ನೊಬ್ಬರು ‘ವಿಜ್ಞಾನನಿಷ್ಠ ವೈದ್ಯ’ ಎಂದರು. ಅವರಿಬ್ಬರೂ ಸಾರ್ ಜೊತೆ ಒಂದು ವಾರ ನೆಟ್ಟಗೆ ಕೆಲಸ ಮಾಡಿದವರಲ್ಲ. ನಾನು ವರ್ಷಗಟ್ಟಲೆ ಮಾಡಿದ್ದೇನೆ. ಡ್ಯೂಟಿ ಡಾಕ್ಟರಾಗಿ ಅವರ ಕೈಕೆಳಗೆ ಸೇರಿ ಬೈಸಿಕೊಂಡಿದ್ದೇನೆ, ತಿರುಗಿ ಜಗಳವನ್ನೂ ಆಡಿದ್ದೇನೆ. ಹಾಗಾಗಿ ಅವರನ್ನು ಹೊಗಳುವುದಕ್ಕಿಂತ ಇದ್ದಂತೆ ಹೇಳುವ ಸಲಿಗೆ ನನಗಿದೆ ಎಂದುಕೊಂಡಿದ್ದೇನೆ.

ಆ ಹೆಸರು ಬಂದದ್ದು ಹೀಗೆ. ಅವರ ಹತ್ತಿರ ಬರುವ ವಯಸ್ಸಾದವರಿಗೆಲ್ಲ ಒಂದು ಕಟ್ಟಪ್ಪಣೆ ಇತ್ತು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ತುಂಬಿಕೊಂಡು ಬಂದು ಅವರ ಮೇಜಿನ ಮೇಲೆ ಸುರಿಯಬೇಕು. ಅವರು ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಸ್ಟ್ರಿಪ್ಪನ್ನು ಕಣ್ಣಿನ ಹತ್ತಿರ ಹಿಡಿದು ಓದಿ ಕೇಳುತ್ತಿದ್ದರು.

“ಇದು ಯಾಕೆ?”

“ಗ್ಯಾಸಿಗೆ ಸಾರ್.”

“ಗ್ಯಾಸ್ ಇದೆಯಾ?”

“ಇಲ್ಲ ಸಾರ್.”

“ಮತ್ತೆ ಯಾಕೆ?”

“ಇದನ್ನ ತಗೊಳ್ತಿರೋದಕ್ಕೇ ಇಲ್ಲ ಸಾರ್!”

ಇಂಥ ಸಂಭಾಷಣೆ ದಿನಕ್ಕೊಂದಾದರೂ ನಡೆಯುತ್ತಿತ್ತು. ಕೊನೆಗೆ ಮೇಜಿನ ಒಂದು ಬದಿಗೆ ಬೇಡವಾದವುಗಳ ರಾಶಿ ಬೀಳುತ್ತಿತ್ತು, ಇನ್ನೊಂದು ಬದಿಗೆ ಎರಡೋ ಮೂರೋ ಉಳಿಯುತ್ತಿದ್ದವು. ನಮ್ಮ ಜನಕ್ಕೆ ಡಾಕ್ಟರು ಬರೆದುಕೊಟ್ಟರೆ ತೃಪ್ತಿ, ಹೊಡೆದುಹಾಕಿದರೆ ಅವಮಾನ. ಮಂಡಿನೋವೆಂದು ಬಂದಿದ್ದ ಜಯನಗರದ ಒಬ್ಬ ನಿವೃತ್ತ ಎಂಜಿನಿಯರು ಒಮ್ಮೆ ಎದ್ದೇ ನಿಂತರು. “ಏನ್ಸಾರ್ ಇದು, ಬೇರೆ ಡಾಕ್ಟ್ರುಗಳು ಬರೀತಾರೆ, ನೀವು ಅಳಿಸ್ತೀರ. ಇನ್ನು ನಿಮ್ಮ ಹತ್ರ ಏನಕ್ಕೆ ಬರ್ಬೇಕು ನಾನು?”

“ವಾಕಿಂಗ್ ಹೋದ್ರಾ ಇಲ್ವಾ ಅಂತ ಹೇಳೋಕೆ ಬನ್ನಿ. ಮಂಡಿಗೆ ಅದೇ ಔಷಧಿ.”

ಆ ಎಂಜಿನಿಯರು ಮತ್ತೆ ಬರಲಿಲ್ಲ.

ಸಾಬೀತಾಗದ ಯಾವುದನ್ನೂ ಅವರು ಬರೆಯುತ್ತಿರಲಿಲ್ಲ. ಔಷಧಿ ಕಂಪನಿಯ ಹುಡುಗರು ಬಣ್ಣಬಣ್ಣದ ಹಾಳೆ ಬಿಡಿಸಿದರೆ, ಯಾರ ಮೇಲೆ ನೋಡಿದ್ದು, ಯಾವುದರ ಜೊತೆ ಹೋಲಿಸಿದ್ದು, ಎಷ್ಟು ಕಾಲ ನೋಡಿದ್ದು ಎಂದು ಕೇಳಿ ಅವರ ಬೆವರಿಳಿಸುತ್ತಿದ್ದರು. ನಮ್ಮಂಥ ಕಿರಿಯರು “ನನ್ನ ಅನುಭವದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ ಸಾರ್” ಎಂದರೆ ಮುಗಿಯಿತು. “ನಿನ್ನ ಅನುಭವಕ್ಕೆ ಸಾಕ್ಷಿ ಯಾರು? ವಾಸಿಯಾಗಿ ವಾಪಸ್ ಬಂದು ನಮಸ್ಕಾರ ಹೇಳಿದವರು. ಆಗದೇ ಇದ್ದವರು ಬೇರೆ ಡಾಕ್ಟರ ಹತ್ರ ಹೋಗಿರ್ತಾರೆ, ಇಲ್ಲಾ ಮೇಲಕ್ಕೆ ಹೋಗಿರ್ತಾರೆ. ಅವರನ್ನ ಕೇಳಿದೀಯಾ?” ಎನ್ನುತ್ತಿದ್ದರು.

ಇಷ್ಟು ಕೇಳಿದರೆ ಯಾರಿಗಾದರೂ ಅವರೊಬ್ಬ ಒಣ ಮನುಷ್ಯ ಅನ್ನಿಸಬಹುದು. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಆದರೆ ಸಕ್ಕರೆ ಕಾಯಿಲೆಯವರು ಯಾರು ಬಂದರೂ ಅವರ ಚಪ್ಪಲಿ, ಕಾಲುಚೀಲ ಬಿಚ್ಚಿಸಿ, ತಾವು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡುತ್ತಿದ್ದರು. ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ನೇಲ್ ಕಟರ್. ಕಣ್ಣು ಮಂಜಾದ ಮುದುಕಿಯರ ಉಗುರನ್ನು ತಾವೇ ಕತ್ತರಿಸುತ್ತಿದ್ದರು. “ಅಯ್ಯೋ, ನೀವು ನನ್ನ ಕಾಲು ಮುಟ್ಟೋದಾ ಡಾಕ್ಟ್ರೇ” ಎಂದು ಅವರು ಕಾಲೆಳೆದುಕೊಂಡರೆ, “ಸುಮ್ನೆ ಇಡೀಮ್ಮ, ಗಾಯ ಆದ್ರೆ ಕಾಲೇ ಹೋಗುತ್ತೆ” ಎಂದು ಗದರುತ್ತಿದ್ದರು. ಕಾಲು ನೋಡಿದರೆ ಕಾಲು ಉಳಿಯುತ್ತದೆ ಎಂಬುದಕ್ಕೆ ಪುರಾವೆ ಇದೆ, ಅದಕ್ಕೇ ನೋಡುತ್ತೇನೆ ಎಂಬುದು ಅವರ ವಾದ. ಅದನ್ನು ಪ್ರೀತಿ ಎಂದು ಯಾರಾದರೂ ಕರೆದರೆ ಅವರಿಗೆ ಕಿರಿಕಿರಿಯಾಗುತ್ತಿತ್ತು.

ಒಮ್ಮೆ ನಾನು ನೆಗಡಿಯಾದವನೊಬ್ಬನಿಗೆ ಆ್ಯಂಟಿಬಯೋಟಿಕ್ ಬರೆದುಕೊಟ್ಟಿದ್ದೆ. ಬೆಂಚಿನ ತುಂಬ ಜನ, ಆತ ಕೇಳಿದ, ನಾನು ಗೀಚಿದೆ. ಸಾರ್ ಆ ಚೀಟಿಯನ್ನು ಎಲ್ಲಿಂದಲೋ ಹಿಡಿದುಕೊಂಡು ಬಂದರು. “ಏನಮ್ಮಾ, ಇದು ಅವನು ಖುಷಿಯಾಗ್ಲಿ ಅಂತ ಬರೆದ್ಯಾ, ಬೇಗ ಎದ್ದು ಹೋಗ್ಲಿ ಅಂತ ಬರೆದ್ಯಾ?” ಎಂದರು. ಬೇಡದ ಮಾತ್ರೆ ಬರೆಯುವುದು ರೋಗಿಯನ್ನು ಹೊರಗೆ ಕಳಿಸುವ ಸಭ್ಯ ದಾರಿ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಸಮಾಧಾನ ಹೇಳುವುದರಲ್ಲಿ ಮಾತ್ರ ಅವರು ಪೂರ್ತಿ ಫೇಲು. ಯಾರಾದರೂ ತೀರಿಕೊಂಡರೆ ಮನೆಯವರಿಗೆ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದರು. “ದೇವರ ಇಚ್ಛೆ” ಎಂದೋ “ಧೈರ್ಯ ತಗೊಳ್ಳಿ” ಎಂದೋ ಅವರ ಬಾಯಿಂದ ಬಂದದ್ದು ನಾನು ಕೇಳಿಲ್ಲ. ಆದರೆ ಹೇಳಿದ ಮೇಲೆ ಅಲ್ಲಿಂದ ಹೋಗುತ್ತಲೂ ಇರಲಿಲ್ಲ. ಅಳುವವರ ಪಕ್ಕದಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದವರಂತೆ, ಪೆದ್ದುಪೆದ್ದಾಗಿ ನಿಂತೇ ಇರುತ್ತಿದ್ದರು. ಮನೆಯವರೇ ಪಾಪ ಅನ್ನಿಸಿ “ನೀವು ಹೋಗಿ ಸಾರ್” ಎನ್ನಬೇಕಿತ್ತು.

ಇನ್ನು ಶ್ರೀನಗರದ ಯಜಮಾನರ ವಿಷಯಕ್ಕೆ ಬರುತ್ತೇನೆ. ಅದನ್ನು ಬಿಟ್ಟು ಸಾರ್ ಬಗ್ಗೆ ಬರೆದರೆ ಅದು ವಾಟ್ಸಾಪಿನ ಶ್ರದ್ಧಾಂಜಲಿಯಾಗುತ್ತದೆ.

ಆ ಯಜಮಾನರು ಹಿಂದೆ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಮಗ, ಸೊಸೆಯ ಜೊತೆ ಶ್ರೀನಗರದಲ್ಲಿ ವಾಸ. ಹೆಂಡತಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತು ನಿಂತಿತ್ತು. ನುಂಗುವುದೂ ಕಷ್ಟ. ನಮ್ಮಲ್ಲಿಂದ ಮನೆಗೆ ಕಳಿಸುವಾಗ ಅವರಿಗೆ ಸ್ಪಷ್ಟವಾಗಿ ಹೇಳಿದ್ದೆವು: ಕೂರಿಸಿ ತಿನ್ನಿಸಿ, ಎಲ್ಲವನ್ನೂ ಗಟ್ಟಿ ಗಂಜಿಯ ಹದದಲ್ಲಿ ಕೊಡಿ, ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ.

ಕೆಲವು ತಿಂಗಳ ನಂತರ ಯಜಮಾನರು ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ತಪಾಸಣೆಗೆ ಬಂದರು. ಮಾತ್ರೆಗಳ ಕವರು ಮೇಜಿನ ಮೇಲೆ ಬಿತ್ತು. ಅದರಲ್ಲಿ ಬೇರೆ ಯಾವುದೋ ಕ್ಲಿನಿಕ್ಕಿನವರು ಬರೆದ ‘ಮೆದುಳಿನ ಶಕ್ತಿಯ ಮಾತ್ರೆ’ ಒಂದಿತ್ತು.

“ಇದು ಯಾಕೆ?”

ಯಜಮಾನರ ಮುಖ ಅರಳಿತು. “ಇದು ಮುಖ್ಯವಾದ್ದು ಸಾರ್. ಬೆಳಗ್ಗೆ ನಾನು ಸ್ನಾನ ಮಾಡ್ಕೊಂಡು ಬಂದು ಕುಟ್ಟಾಣೀಲಿ ಪುಡಿ ಮಾಡ್ತೀನಿ. ಜೇನುತುಪ್ಪದಲ್ಲಿ ಕಲಸಿ ಬೆರಳಲ್ಲಿ ನಾಲಿಗೆ ಮೇಲೆ ಇಡ್ತೀನಿ. ಆಗ ಅವಳು ನನ್ನ ನೋಡ್ತಾಳೆ ಸಾರ್. ಬೆರಳನ್ನ ತುಟಿಯಲ್ಲಿ ಹಿಡ್ಕೋತಾಳೆ. ದಿನಾ ಬೇರೆ ಹೊತ್ತಲ್ಲಿ ಗೋಡೆ ನೋಡ್ತಿರ್ತಾಳೆ. ಆ ಒಂದು ಹೊತ್ತು ನನ್ನ ಗುರುತು ಸಿಕ್ಕುತ್ತೆ ಅವಳಿಗೆ.”

ಸಾರ್ ಪೂರ್ತಿ ಕೇಳಿದರು. ಅವರು ಯಾರ ಮಾತನ್ನೂ ಅರ್ಧಕ್ಕೆ ತುಂಡರಿಸುವವರಲ್ಲ. ಕೇಳಿ, “ಕೊಟ್ಟಾಗ ಕೆಮ್ಮು ಬರುತ್ತಾ?” ಎಂದರು. ಇಲ್ಲ ಎಂದರು ಯಜಮಾನರು. “ಹಗಲೆಲ್ಲ ತೂಕಡಿಕೆ?” ಹೌದು. ಆಮೇಲೆ ಸಾರ್ ಸಾವಧಾನವಾಗಿ ವಿವರಿಸಿದರು. ಈ ಮಾತ್ರೆಯಿಂದ ಸ್ಟ್ರೋಕ್ ಆದವರಿಗೆ ಉಪಯೋಗವಿದೆ ಎಂದು ಎಲ್ಲೂ ಸಾಬೀತಾಗಿಲ್ಲ. ತೂಕಡಿಕೆ ಇದರಿಂದಲೇ ಇರಬಹುದು. ತೂಕಡಿಸುವವರಿಗೆ ತಿನ್ನಿಸುವುದು ಇನ್ನೂ ಅಪಾಯ. ನಿಲ್ಲಿಸಿಬಿಡೋಣ. ಯಜಮಾನರು ಕೈಮುಗಿದು, “ನೀವು ಹೇಳಿದ್ಮೇಲೆ ಮುಗೀತು ಸಾರ್” ಎಂದರು. ಪಕ್ಕದಲ್ಲಿ ಕೂತಿದ್ದ ನಾನು ತಲೆಯಾಡಿಸಿ ಮನಸ್ಸಿನಲ್ಲೇ ಭೇಷ್ ಎಂದೆ. ಈಗಲೂ ಆ ತೀರ್ಮಾನದಲ್ಲಿ ನನಗೆ ಒಂದು ಅಕ್ಷರದ ತಪ್ಪೂ ಕಾಣುವುದಿಲ್ಲ.

ಆಕೆಯನ್ನು ಮತ್ತೆ ಕರೆತಂದದ್ದು ಒಂದು ಮಧ್ಯಾಹ್ನ. ಮೈ ಸುಡುವ ಜ್ವರ, ಉಸಿರು ಕಿತ್ತುಕೊಂಡು ಬರುತ್ತಿತ್ತು. ಗಂಟಲಿಗೆ ನಳಿಗೆ ಹಾಕಿ ಕಫ ಎಳೆದದ್ದು ನಾನೇ. ಕಂದು ಬಣ್ಣದ್ದು ಬಂತು. ಅದರ ವಾಸನೆ ಹಿಡಿಯಲು ಯಾವ ಲ್ಯಾಬೂ ಬೇಕಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತಾಗುತ್ತಿತ್ತು, ಅದು ಫಿಲ್ಟರ್ ಕಾಫಿ. ನಾನು ಸಾರ್ ಮುಖ ನೋಡಿದೆ. ಅವರಿಗೂ ಗೊತ್ತಾಗಿತ್ತು.

ಹೊರಗೆ ಬೆಂಚಿನ ಮೇಲೆ ಯಜಮಾನರು ಕೂತಿದ್ದರು. ಬಾಯಿಗೆ ಏನು ಕೊಟ್ಟಿರಿ ಎಂದು ಸಾರ್ ಕೇಳಿದರು.

“ನೀರು ಒಂದು ಹನಿ ಕೊಟ್ಟಿಲ್ಲ ಸಾರ್, ನೀವು ಹೇಳಿದ ಹಾಗೇ. ಆದ್ರೆ ಬೆಳಗ್ಗೆ ಏನಾದ್ರೂ ಕೊಡ್ಬೇಕಲ್ಲ? ಮಾತ್ರೆ ನಿಂತೋಯ್ತು. ನಾನು ಬಂದು ಕೂತ್ಕೊಂಡ್ರೆ ಅವಳು ಬಾಯಿ ತೆರೀತಿದ್ಳು ಸಾರ್, ಕಾಯ್ತಿದ್ಳು. ಅದಕ್ಕೇ ಒಂದೆರಡು ಚಮಚ ಕಾಫಿ ಶುರು ಮಾಡ್ದೆ. ನಾನು ಮಾಡೋ ಕಾಫಿ ಅಂದ್ರೆ ಅವಳಿಗೆ ಪ್ರಾಣ.”

ನಮ್ಮ ಕಡೆಯ ಯಾವ ಮನೆಯಲ್ಲಿ ಕಾಫಿಯನ್ನು ನೀರು ಎಂದು ಲೆಕ್ಕ ಹಾಕುತ್ತಾರೆ? ನೀರು ಕುಡಿಯಬೇಡಿ ಎಂದರೆ ಕಾಫಿ ಬಿಡುವವರು ಯಾರಿದ್ದಾರೆ? ನಮಗೆ ಅದು ಹೊಳೆಯಬೇಕಿತ್ತು. ಸಾರ್ ಯಜಮಾನರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು.

ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ಎಂದಿನಂತೆ ಸಾರ್ ಹೇಳಿದರು, ಎಂದಿನಂತೆ ಅಲ್ಲೇ ನಿಂತರು. ಯಜಮಾನರು ಅಳಲಿಲ್ಲ. ತಲೆಯೆತ್ತಿ, “ಯಾಕೆ ಸಾರ್ ಹೀಗಾಯ್ತು?” ಎಂದು ಕೇಳಿದರು. ಇಷ್ಟು ದಿನ ಊರವರನ್ನೆಲ್ಲ ಯಾಕೆ ಎಂದು ಕೇಳಿದ ಮನುಷ್ಯನನ್ನೇ ಈಗ ಯಾಕೆ ಎಂದು ಕೇಳುವವರು ಬಂದಿದ್ದರು. ಯಜಮಾನರೇ ಉತ್ತರ ಹುಡುಕಿಕೊಂಡರು. “ಆ ಮಾತ್ರೆ ನಿಲ್ಲಿಸಿದ್ದಕ್ಕೇ ಅಲ್ವಾ? ಅದಿರೋವರೆಗೂ ಚೆನ್ನಾಗಿದ್ಳು.”

“ನಿಲ್ಲಿಸಿದ್ದು ನಾನು,” ಎಂದರು ಸಾರ್. “ನೀವಲ್ಲ. ನಾನು ಹೇಳಿದೆ, ನೀವು ಕೇಳಿದ್ರಿ.”

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಯಜಮಾನರು ಹಾಲಿನ ಬೂತಿನಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ, ಪಾರ್ಕಿನ ಬೆಂಚಿನಲ್ಲಿ, ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಬನಶಂಕರಿಯ ಆ ಡಾಕ್ಟರು ಮಾತ್ರೆ ನಿಲ್ಲಿಸಿ ನನ್ನ ಹೆಂಡತಿಯನ್ನು ಕೊಂದರು ಎಂದು. ಊರ ಬಾಯಿಗೆ ಬೀಗ ಹಾಕುವವರು ಯಾರು? ಮೊದಲೇ ಮಾತ್ರೆ ಅಳಿಸುವ ಡಾಕ್ಟರು ಎಂದು ಗೊಣಗುತ್ತಿದ್ದವರಿಗೆ ಒಂದು ನೆವ ಸಿಕ್ಕಿತು. ಸಾರ್ ಬಾಗಿಲ ಮುಂದಿನ ಬೆಂಚು ಖಾಲಿಯಾಗುತ್ತ ಬಂತು. ಅವರ ಹೆಂಡತಿಗೆ ಸೊಪ್ಪಿನ ಗಾಡಿಯ ಹತ್ತಿರ ನೆರೆಮನೆಯವರು “ಏನಂತೆ ಅದು?” ಎಂದು ಕೇಳುವ ಹಾಗಾಯಿತು. ಅವರು ಮನೆಯಲ್ಲಿ ಕೇಳಿದರೆ ಸಾರ್ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲವಂತೆ.

ನಾನು ತಡೆಯಲಾರದೆ ಒಂದು ದಿನ ಅವರ ಕೋಣೆಗೆ ನುಗ್ಗಿದೆ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ಸಾರ್ ಇದು. ಕಾಫಿಯಿಂದ ಆಗಿದ್ದು ಅಂತ ಹೇಳಿಬಿಡಿ. ನಿಮಗಾಗದಿದ್ರೆ ನಾನು ಹೇಳ್ತೀನಿ.”

“ಕಾಫಿಯಿಂದಲೇ ಅನ್ನೋದಕ್ಕೆ ಪುರಾವೆ ಏನಿದೆ?”

“ವಾಸನೆ ನಾನೇ ನೋಡಿದೀನಿ ಸಾರ್!”

“ವಾಸನೆ ಪುರಾವೆ ಅಲ್ಲಮ್ಮ. ಸ್ಟ್ರೋಕ್ ಆದವರಿಗೆ ಎಂಜಲು ಇಳಿದೂ ನ್ಯುಮೋನಿಯಾ ಆಗುತ್ತೆ. ಕಾಫಿ ಕೊಡದೇ ಇದ್ದಿದ್ರೆ ಬದುಕಿರ್ತಿದ್ರು ಅಂತ ನೀನು ಎದೆ ಮುಟ್ಕೊಂಡು ಹೇಳ್ತೀಯಾ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಾತ್ರೆ ನಿಲ್ಲಿಸಿದ್ದು ಸರಿ. ಇವತ್ತು ಕೇಳಿದ್ರೂ ನಿಲ್ಲಿಸ್ತೀನಿ. ಆದ್ರೆ ಆ ಮನುಷ್ಯ ಬೆಳಗ್ಗೆ ಏನು ಮಾಡ್ತೀನಿ ಅಂತ ನನ್ನ ಮುಂದೆ ಕೂತು ಪೂರ್ತಿ ಹೇಳಿದ. ನಾನು ಕೆಮ್ಮು ಇದೆಯಾ, ತೂಕಡಿಕೆ ಇದೆಯಾ ಅಂತ ಕೇಳಿದೆ. ಮಾತ್ರೆ ಬಿಡಿ, ಜೇನುತುಪ್ಪ ಹಾಗೇ ಇಡಿ ಅಂತ ಒಂದು ಮಾತು ಹೇಳಿದ್ರೆ ಸಾಕಾಗ್ತಿತ್ತು. ಅದಕ್ಕೆ ಯಾವ ಪುಸ್ತಕ ಓದಬೇಕಿತ್ತು ನಾನು?”

ಮತ್ತೆ ಕನ್ನಡಕ ಹಾಕಿಕೊಂಡು, “ಅವರಿಗೆ ಯಾರ ಮೇಲಾದ್ರೂ ಸಿಟ್ಟು ಬೇಕು. ನನ್ನ ಮೇಲೆ ಇದ್ರೆ ಬೈದು ಮನೆಗೆ ಹೋಗ್ತಾರೆ, ಊಟ ಮಾಡ್ತಾರೆ. ಕಾಫಿ ಅಂತ ಗೊತ್ತಾದ್ರೆ ಊಟ ಮಾಡಲ್ಲ. ನೀನು ಬಾಯಿ ಬಿಡಬೇಡ” ಎಂದರು.

ನಿಜಕ್ಕೂ ಯಜಮಾನರು ಬೈಯಲು ಬರುತ್ತಿದ್ದರು. ತಿಂಗಳಿಗೊಮ್ಮೆಯಾದರೂ ಶ್ರೀನಗರದಿಂದ ಬಸ್ಸು ಹತ್ತಿ ಬಂದು, ಕಾರಿಡಾರಿನಲ್ಲಿ ನಿಂತು, ಏರಿದ ದನಿಯಲ್ಲಿ ಅದೇ ಮಾತು. “ನಿಮ್ಮ ಓದು ಯಾರಿಗೆ ಬೇಕಾಗಿತ್ತು? ಒಂದು ಮಾತ್ರೆ ನಿಮಗೇನು ಭಾರವಾಗಿತ್ತಾ?” ಸಾರ್ ಕೈಕಟ್ಟಿಕೊಂಡು ಕೇಳುತ್ತಿದ್ದರು. ಮುಗಿದ ಮೇಲೆ, “ಬೈದಿದ್ದಾಯ್ತಲ್ಲ, ಬನ್ನಿ ಕೂತ್ಕೊಳ್ಳಿ, ಬಿಪಿ ನೋಡ್ತೀನಿ” ಎನ್ನುತ್ತಿದ್ದರು. ಮೊದಲ ಸಲ ಯಜಮಾನರು ಧಡಧಡನೆ ಹೊರಟುಹೋದರು. ಎರಡನೆಯ ಸಲ ಕೂತರು. ಬರಬರುತ್ತ ಅದು ಒಂದು ರೂಢಿಯೇ ಆಯಿತು. ಬೈಗುಳ, ಬಿಪಿ, ನಿದ್ದೆ ಬರುತ್ತಾ ಎಂಬ ವಿಚಾರಣೆ, ಕೊನೆಗೆ ಕಾಲು ಪರೀಕ್ಷೆ. ನರ್ಸುಗಳು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ತನ್ನದಲ್ಲದ ಆರೋಪವನ್ನು ಮನುಷ್ಯ ಇಷ್ಟು ಶಿಸ್ತಾಗಿ ಹೊತ್ತುಕೊಳ್ಳುವುದನ್ನು ನೋಡಲು ಸಂಕಟವಾಗುತ್ತಿತ್ತು.

ಅಷ್ಟಾದ ಮೇಲೂ ಅವರು ಮಾತ್ರೆ ನಿಲ್ಲಿಸುವುದನ್ನು ಬಿಡಲಿಲ್ಲ. ಆದರೆ ನಿಲ್ಲಿಸಿದಾಗಲೆಲ್ಲ ಇನ್ನೊಂದು ಪ್ರಶ್ನೆ ಸೇರಿತು. “ಇದನ್ನ ಯಾರು ಕೊಡ್ತಿದ್ರು? ಇನ್ಮೇಲೆ ಆ ಹೊತ್ತಿಗೆ ಏನು ಮಾಡ್ತೀರಿ?” ಜನ ಪಿಳಿಪಿಳಿ ನೋಡುತ್ತಿದ್ದರು. ಒಬ್ಬ ಹೆಂಗಸು “ಅದೆಲ್ಲ ನಿಮಗ್ಯಾಕೆ ಡಾಕ್ಟ್ರೇ” ಎಂದೇ ಕೇಳಿಬಿಟ್ಟಳು. ಅವರು ಸುಮ್ಮನೆ ಕಾಯುತ್ತಿದ್ದರು. ಕಾದರೆ ಜನ ಹೇಳುತ್ತಿದ್ದರು. ಮೊಮ್ಮಗಳು ಕೊಡ್ತಾಳೆ, ಅತ್ತೆ ಮಾತಾಡೋದು ಆ ಒಂದು ಹೊತ್ತೇ, ಹೀಗೆ ಏನೇನೋ. ಅದಕ್ಕೆ ಯಾವ ಅಧ್ಯಯನದ ಬೆಂಬಲವಿದೆ ಸಾರ್ ಎಂದು ನಾನೊಮ್ಮೆ ರೇಗಿಸಿದೆ. ಅವರಿಗೆ ನಗು ಬರಲಿಲ್ಲ. ನಾನು ಹಾಗೆ ಕೇಳಬಾರದಿತ್ತು.

ಮುಂದೆ ನಾನು ಜೆ.ಪಿ. ನಗರದಲ್ಲಿ ಸ್ವಂತ ಕ್ಲಿನಿಕ್ ತೆರೆದೆ. ಭೇಟಿ ಅಪರೂಪವಾಯಿತು. ಹೋದ ತಿಂಗಳು ಒಂದು ಬೆಳಗ್ಗೆ ಎದೆನೋವು ಎಂದರಂತೆ, ಆಸ್ಪತ್ರೆ ತಲುಪುವ ಮೊದಲೇ ಮುಗಿದುಹೋಗಿತ್ತು.

ನಾನು ಕುಮಾರಸ್ವಾಮಿ ಲೇಔಟಿನ ಅವರ ಮನೆಗೆ ಹೋದಾಗ ಅಂಗಳದಲ್ಲಿ ಜನ ಹೆಚ್ಚಿರಲಿಲ್ಲ. ಅವರ ಹೆಂಡತಿ ನನ್ನ ಕೈಹಿಡಿದು ಒಳಕೋಣೆಗೆ ಕರೆದೊಯ್ದರು. “ಒಂದು ಮಾತು ಕೇಳ್ತೀನಿ, ನಿಜ ಹೇಳಮ್ಮ. ಆ ಶ್ರೀನಗರದ ಹೆಂಗಸಿನ ವಿಷಯದಲ್ಲಿ ಇವರಿಂದ ತಪ್ಪಾಗಿತ್ತಾ? ಸಾಯೋವರೆಗೂ ನನಗೆ ಹೇಳಲಿಲ್ಲ.” ನಾನು ಬಾಯಿ ಬಿಟ್ಟೆ. ಜೇನುತುಪ್ಪ, ಕಾಫಿ, ವಾಸನೆ, ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಅತ್ತರು. “ಅಷ್ಟೊಂದು ಜನ ಏನೇನೋ ಅಂದ್ರಲ್ಲಮ್ಮ, ಇನ್ನಾದ್ರೂ ಎಲ್ಲರಿಗೂ ಹೇಳ್ಬೇಕು” ಎಂದರು. ಹೇಳೋಣ ಆಂಟಿ ಎಂದೆ. ನನಗೂ ಅದೇ ಬೇಕಾಗಿತ್ತು. ಹೋದವರ ಹೆಸರಾದರೂ ಚೊಕ್ಕಟವಾಗಲಿ ಎಂಬ ಆಸೆ.

ನಾವಿಬ್ಬರೂ ಹೊರಗೆ ಬಂದಾಗ ಗೇಟಿನ ಹತ್ತಿರ ಶ್ರೀನಗರದ ಯಜಮಾನರು ನಿಂತಿದ್ದರು. ತುಂಬ ಇಳಿದುಹೋಗಿದ್ದರು. ಒಳಗೆ ಬರಲೋ ಬೇಡವೋ ಎಂಬಂತೆ ಗೇಟಿನ ಸರಳು ಹಿಡಿದುಕೊಂಡಿದ್ದರು. ನನ್ನನ್ನು ಕಂಡು ಗುರುತು ಹಿಡಿದರು.

“ಮೇಡಂ, ನೀವು ಅವತ್ತು ಅಲ್ಲೇ ಇದ್ರಿ. ನನಗೆ ಒಂದು ಹೇಳಿ. ಸೊಸೆ ಮೊನ್ನೆ ಯಾವುದೋ ಜಗಳದಲ್ಲಿ, ನೀವು ಕಾಫಿ ಕೊಟ್ಟಿದ್ದಕ್ಕೇ ಅತ್ತೆ ಹೋದ್ರು ಅಂದ್ಳು. ಡಾಕ್ಟ್ರನ್ನೇ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಹೀಗಾಯ್ತು.” ಅವರು ಗೇಟಿನ ಸರಳನ್ನು ಇನ್ನೂ ಬಿಟ್ಟಿರಲಿಲ್ಲ. “ಮಾತ್ರೆ ನಿಲ್ಲಿಸಿದ್ದಕ್ಕೇ ಅಲ್ವಾ ಮೇಡಂ?”

ಪಕ್ಕದಲ್ಲಿ ಆಂಟಿ ಬಾಯಿ ತೆರೆದರು. ಅವರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಹೇಳಬೇಕೆಂದುಕೊಂಡ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು.

“ನಿಲ್ಲಿಸಿದ್ದು ಸಾರ್ ಅವರೇ,” ಎಂದೆ. “ನಿಮ್ಮದೇನೂ ಇಲ್ಲ.”

ಆಂಟಿ ತೆರೆದ ಬಾಯಿ ಮುಚ್ಚಿದರು. ಒಳಗೆ ಹೋಗಿ ಒಂದು ಕುರ್ಚಿ ತಂದು ಯಜಮಾನರಿಗೆ ಹಾಕಿದರು. ಅವರು ಅದರಲ್ಲಿ ಕುಸಿದು ಕೂತು, ಟವೆಲಿನಿಂದ ಮುಖ ಒರೆಸಿಕೊಂಡರು. ಹೆಂಡತಿ ಹೋದ ದಿನ ಅಳದಿದ್ದವರು ಈಗ ಬಿಕ್ಕಿಬಿಕ್ಕಿ ಅತ್ತರು.

“ಇನ್ಮೇಲೆ ನಾನು ಯಾರನ್ನ ಬೈಲಿ ಮೇಡಂ?”

ನನ್ನ ಕಣ್ಣಲ್ಲೂ ನೀರು ನಿಲ್ಲಲಿಲ್ಲ. ಅವತ್ತು ಪಕ್ಕದಲ್ಲಿ ಕೂತು ಮಾತ್ರೆ ನಿಲ್ಲಿಸಿ ಎಂದು ತಲೆಯಾಡಿಸಿದವಳು ನಾನು, ನನ್ನನ್ನೂ ಬೈಯಬಹುದು ಎಂದೆ. ಜೆ.ಪಿ. ನಗರದಲ್ಲಿ ನನ್ನ ಕ್ಲಿನಿಕ್ ಇದೆ, ತಿಂಗಳಿಗೊಮ್ಮೆ ಬನ್ನಿ, ಬಿಪಿಯನ್ನೂ ನೋಡುತ್ತೇನೆ ಎಂದೆ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ, ಶ್ರೀನಗರದಿಂದ ಅಲ್ಲಿಗೆ ಯಾವ ಬಸ್ಸು ಬರುತ್ತದೆ ಎಂದು ಕೇಳಿದರು.